ಶರ್ಯತ್ತಿನ ವಿಡಿಯೋಕ್ಕೆ ಕತ್ತರಿ ಯಾಕೆ?

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಹಳ್ಳಿಗಳಲ್ಲಿ ಎತ್ತಿನ ಗಾಡಿ ಶರ್ಯತ್ತು ಇಲ್ಲದೆ ಜಾತ್ರೆಗೆ ಕಳೆಯೇ ಇಲ್ಲ. ಈಗೀಗ ಮೈದಾನದಲ್ಲಿ ಎತ್ತುಗಳಿಗಿಂತ ಕ್ಯಾಮೆರಾಗಳೇ ಜಾಸ್ತಿ. ಓಟ ಮುಗಿದ ಅರ್ಧ ತಾಸಿನಲ್ಲಿ ವಿಡಿಯೋ ಊರೂರು ಸುತ್ತುತ್ತದೆ. ಸಂಜೆಗೆ ಲೋಕಲ್ ಕೇಬಲ್ಲಿನಲ್ಲಿ ಬರುತ್ತದೆ, ನಸೀಬು ಇದ್ದರೆ ಯಾವುದೋ ನ್ಯೂಸ್ ಚಾನೆಲ್ಲಿನಲ್ಲಿ ಮೂವತ್ತು ಸೆಕೆಂಡು ಕಾಣುತ್ತದೆ. ನಮ್ಮೂರ ಎತ್ತು ಟಿವಿಯಾಗ ಬಂತು ಅಂತ ಮಂದಿ ಖುಷಿ ಪಡುತ್ತಾರೆ. ಪಡಲಿ. ಆದರೆ ಆ ಮೂವತ್ತು ಸೆಕೆಂಡು ಬಿಟ್ಟು ಉಳಿದ ವಿಡಿಯೋ ಎಲ್ಲಿ ಹೋಯಿತು ಎಂದು ಕೇಳುವವರು ಯಾರೂ ಇಲ್ಲ.

ಈ ಪ್ರಶ್ನೆ ಸಣ್ಣದಲ್ಲ. ಮಹಾರಾಷ್ಟ್ರದ ನಿಯಮದ ಪ್ರಕಾರ ಶರ್ಯತ್ತು ನಡೆಸುವವರು ಕಲೆಕ್ಟರ್ ಆಫೀಸಿನ ಪರವಾನಗಿ ಪಡೆಯಬೇಕು, ಡಿಪಾಝಿಟ್ ಇಡಬೇಕು, ಪಶುವೈದ್ಯರ ಸರ್ಟಿಫಿಕೇಟ್ ಮಾಡಿಸಬೇಕು. ಇಡೀ ಶರ್ಯತ್ತಿನ ವಿಡಿಯೋ ಶೂಟಿಂಗ್ ಮಾಡಿಸಿ ಆಫೀಸಿಗೆ ಒಪ್ಪಿಸುವುದೂ ಅವರದೇ ಕೆಲಸ. ಅಂದರೆ ವಿಡಿಯೋ ಎಂಬುದು ಬರೀ ಮೋಜಿನ ವಸ್ತು ಅಲ್ಲ, ಪರವಾನಗಿಯ ಒಂದು ಕಾಗದ ಇದ್ದ ಹಾಗೆ.

ಇದರ ಹಿಂದಿನ ಕಥೆ ಮರೆತವರಿಗೆ ಒಂದಿಷ್ಟು ನೆನಪು ಮಾಡಿಕೊಡಬೇಕು. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟಿನ ಜೊತೆಗೆ ಮಹಾರಾಷ್ಟ್ರದ ಗಾಡಿ ಶರ್ಯತ್ತನ್ನೂ ನಿಲ್ಲಿಸಿತು. 2013ರ ಜನವರಿಯಲ್ಲಿ ಅವನಿಯಾಪುರಂ, ಪಾಲಮೇಡು, ಅಲಂಗಾನಲ್ಲೂರುಗಳಲ್ಲಿ ಹೋರಿಗಳ ಬಾಲ ಮುರಿದದ್ದು, ಚುಚ್ಚಿದ್ದು ಎಲ್ಲವನ್ನೂ ಪ್ರಾಣಿ ಕಲ್ಯಾಣ ಮಂಡಳಿಯವರು ಫೋಟೊ ಸಮೇತ ಕೋರ್ಟಿನ ಮುಂದೆ ಇಟ್ಟಿದ್ದರು. ಆ ಮೂರು ಊರು ಇಲ್ಲಿಂದ ಎಷ್ಟು ದೂರ! ಅಲ್ಲಿ ಹಿಡಿದ ಕ್ಯಾಮೆರಾ ಇಲ್ಲಿನ ಗಾಡಿ ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ಕಾಯದೆ ತಿದ್ದಿತು, ಅದೇ ವರ್ಷ ಮುಂಬಯಿ ಹೈಕೋರ್ಟು ತಡೆ ಹಾಕಿತು. 2021ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟು ಷರತ್ತಿನ ಮೇಲೆ ಬಿಟ್ಟುಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಏಳು ವರ್ಷದ ಮೇಲೆ ಮೈದಾನಗಳು ಸುಮ್ಮನೆ ಬಿದ್ದಿದ್ದವು. ಖಿಲಾರಿ ಹೋರಿ ಸಾಕಿದವರು ಆ ವರ್ಷಗಳನ್ನು ಹೇಗೆ ಕಳೆದರು ಎಂಬುದನ್ನು ಅವರನ್ನೇ ಕೇಳಬೇಕು.

ಇಷ್ಟೆಲ್ಲ ಆದ ಮೇಲೂ ಎಡಿಟಿಂಗ್ ಟೇಬಲ್ಲಿನಲ್ಲಿ ಕೇಳಿಬರುವ ಮಾತು ಒಂದೇ: "ತಮ್ಮಾ, ಅಷ್ಟು ಭಾಗ ಕಟ್ ಮಾಡಿಬಿಡಪಾ." ಯಾವ ಭಾಗ? ನಿಶಾನಿ ಬೀಳುವ ಮೊದಲಿನ ಭಾಗ, ಕೊನೆಯ ನೂರು ಮೀಟರಿನ ಭಾಗ. ಬಾಲ ಹಿಂಡುವುದು, ಬಾರಕೋಲಿನ ತುದಿಯ ಮೊಳೆ ಚುಚ್ಚುವುದು ನಡೆದರೆ ಅಲ್ಲೇ ನಡೆಯುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲ್ಲ. "ಎತ್ತು ಅಂದ್ರ ನಮ್ಮ ಮನೀ ಮಗ ಇದ್ದಂಗ" ಎನ್ನುವ ರೈತನ ಮಾತು ಸುಳ್ಳೂ ಅಲ್ಲ. ತಾನು ಉಣ್ಣದೆ ಹೋರಿಗೆ ಹಾಲು, ಮೊಟ್ಟೆ ಹಾಕಿದವರು ಈ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗಿದ್ದ ಮೇಲೆ ಕ್ಯಾಮೆರಾಕ್ಕೆ ಅಂಜುವುದು ಯಾಕೆ? ಚುಚ್ಚುವ ನಾಲ್ಕು ಮಂದಿಯನ್ನು ಮುಚ್ಚಿಡಲು ಹೋಗಿ ಚುಚ್ಚದ ನೂರು ಮಂದಿಯ ಸಾಕ್ಷಿಯನ್ನೂ ಕಮಿಟಿಗಳೇ ಅಳಿಸಿ ಹಾಕುತ್ತಿವೆ. ಕಮಿಟಿಯ ಕ್ಯಾಮೆರಾ ಆಫ್ ಇದ್ದರೂ ಪ್ರೇಕ್ಷಕರಲ್ಲಿ ಯಾರದೋ ಮೊಬೈಲ್ ಆನ್ ಇದ್ದೇ ಇರುತ್ತದೆ. ಅಮೆರಿಕದ ರೋಡಿಯೋದಲ್ಲೂ ಇದೇ ಹಣೆಬರಹ. ಗೂಳಿಯ ಮೇಲೆ ಎಂಟು ಸೆಕೆಂಡು ಕೂತವನನ್ನು ಟಿವಿ ತೋರಿಸಿದರೆ, ಪ್ರಾಣಿದಯಾ ಸಂಘದವರು ಗ್ಯಾಲರಿಯಲ್ಲಿ ಕೂತು ಉಳಿದದ್ದನ್ನು ತೆಗೆದುಕೊಂಡು ಹೋಗುತ್ತಾರೆ.

ಶೂಟಿಂಗಿನ ಕ್ರಮದಲ್ಲೂ ಹುಳುಕು ಇದೆ. ಗಟ, ಸೆಮಿ, ಫೈನಲ್ ಅಂತ ದಿನವಿಡೀ ಗಾಡಿ ಓಡುತ್ತವೆ. ಶೂಟಿಂಗಿನ ಹುಡುಗ ಒಬ್ಬನೇ, ಬ್ಯಾಟರಿ ಒಂದೇ. ಮಧ್ಯಾಹ್ನದ ಗಟಗಳು ಅರ್ಧ ಇರುವುದಿಲ್ಲ, ಫೈನಲ್ ಮಾತ್ರ ಮೂರು ಕಡೆಯಿಂದ ಇರುತ್ತದೆ. ನಿಜವಾಗಿ ಬೇಕಾದದ್ದು ಮೂರು ಕ್ಯಾಮೆರಾ: ಬಿಡುವ ಜಾಗದಲ್ಲಿ ಒಂದು, ನಡುವೆ ಒಂದು, ಗೆರೆಯ ಮೇಲೆ ಒಂದು. ಗೆರೆಯ ಕ್ಯಾಮೆರಾ ಸುಣ್ಣದ ಗೆರೆಗೆ ಸರಿಯಾಗಿ ನೇರ, ಸ್ಟ್ಯಾಂಡಿನ ಮೇಲೆ ನಿಂತಿರಬೇಕು. ನಾಲ್ಕು ಹೆಜ್ಜೆ ಮುಂದೆ ನಿಂತು ಓರೆಯಾಗಿ ಹಿಡಿದರೆ ಹಿಂದಿನ ಜೋಡಿ ಮುಂದೆ ಬಂದಂತೆ ಕಾಣುತ್ತದೆ. ಆಗ ಪಂಚರು ಒಂದು ಹೇಳುತ್ತಾರೆ, ಮೊಬೈಲ್ ಒಂದು ಹೇಳುತ್ತದೆ, ಬಡಿದಾಟ ಶುರು. ಒಂದು ಗೇಣಿನ ಅಂತರದಲ್ಲಿ ಟ್ರ್ಯಾಕ್ಟರ್ ಯಾರ ಮನೆಗೆ ಎಂದು ತೀರ್ಮಾನ ಆಗುವಾಗ ಸ್ಟ್ಯಾಂಡಿಗೆ ದುಡ್ಡಿಲ್ಲ ಎಂದರೆ ಯಾರು ನಂಬಬೇಕು?

ಗೆರೆಯ ಹತ್ತಿರ ಮೊಬೈಲ್ ಹಿಡಿದು ಗಾಡಿಗೆ ಎದುರೇ ನಿಲ್ಲುವ ಹುಡುಗರದ್ದು ಇನ್ನೊಂದು ಸಮಸ್ಯೆ. ಹಗುರ ಛಕಡಿಗೆ ಬ್ರೇಕ್ ಇರುವುದಿಲ್ಲ. ಗೆರೆ ದಾಟಿದ ಮೇಲೂ ಜೋಡಿ ಬಹಳ ದೂರ ಓಡಿಯೇ ನಿಲ್ಲುವುದು. ಪರದೆಯಲ್ಲಿ ಎತ್ತು ದೂರ ಕಾಣುತ್ತದೆ, ಎದುರಿಗೆ ನೋಡಿದರೆ ಎದೆಯ ಮೇಲೆ ಬಂದಿರುತ್ತದೆ. ಹಗ್ಗ ಕಟ್ಟಿದರೆ ಸಾಲದು, ಗೆರೆಯ ಆಚೆಗೂ ಬೇಲಿ ಬೇಕು.

ಚಾನೆಲ್ಲಿಗೆ ಕಳಿಸುವಾಗಲೂ ಅವಸರ. ಮೊಬೈಲ್ ನಿಲ್ಲಿಸಿ ಹಿಡಿದ ವಿಡಿಯೋ ಟಿವಿಗೆ ಹೊಂದುವುದಿಲ್ಲ, ಅಡ್ಡ ಹಿಡಿಯಬೇಕು. ವಾಟ್ಸಪ್ಪಿನಲ್ಲಿ ಹಾಗೇ ದೂಡಿದರೆ ಚಿತ್ರ ಮಸುಕಾಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಬೇಕು. ಹಾಡು ಹಚ್ಚಬಾರದು, ಮೈದಾನದ ಸದ್ದು ಹಾಗೇ ಇರಬೇಕು. ಊರು, ತಾರೀಖು, ಪರವಾನಗಿ ಇದೆಯೋ ಇಲ್ಲವೋ ಎಂಬುದು ಜೊತೆಗೆ ಹೋಗಬೇಕು. ಗಡಿಯವರಿಗೆ ಇನ್ನೂ ಒಂದು ಪೇಚು ಉಂಟು. ಮರಾಠಿ ಚಾನೆಲ್ಲಿನವರು ಬೈಟ್ ಮರಾಠಿಯಲ್ಲಿ ಕೊಡ್ರಿ ಅಂತಾರೆ, ಬೆಂಗಳೂರಿನವರು ಜತ್ತ ನಮ್ಮ ಏರಿಯಾ ಅಲ್ಲ ಅಂತಾರೆ. ಮೈಕಿನಲ್ಲಿ ಸಮಾಲೋಚಕನ ಮರಾಠಿ, ಗಾಡಿ ಮೇಲೆ ಕೂತವನ ಬಾಯಲ್ಲಿ ಕನ್ನಡ. ಪ್ರಸಾರ ಆದಾಗ ಗಾಡಿಯವನಿಗೆ ಬಾಯೇ ಇರುವುದಿಲ್ಲ. ಎರಡೂ ಭಾಷೆಯ ಬೈಟ್ ತೆಗೆದಿಡುವುದಕ್ಕೆ ಎರಡು ನಿಮಿಷ ಸಾಕು.

ಗೆದ್ದವರಿಗೆ ಬುಲೆಟ್ಟು, ಟ್ರ್ಯಾಕ್ಟರು; ಬಿಸಿಲಲ್ಲಿ ದಿನವಿಡೀ ಕ್ಯಾಮೆರಾ ಹಿಡಿದವನಿಗೆ ಶಾಲು, ತೆಂಗಿನಕಾಯಿ. ಅವನಿಗೆ ಕೂಲಿ ಕೊಟ್ಟರೆ ಕಮಿಟಿ ಹೇಳಿದಲ್ಲಿ ಕಟ್ ಮಾಡುವ ಮುಲಾಜಾದರೂ ತಪ್ಪೀತು. ಆಫೀಸಿನವರದ್ದೂ ತಪ್ಪಿದೆ. ಒಪ್ಪಿಸಿದ ಪೆನ್‌ಡ್ರೈವ್ ತೆರೆದು ನೋಡದೆ ಕಪಾಟಿಗೆ ಹಾಕಿದರೆ ನಿಯಮ ಯಾತಕ್ಕೆ? ಎಷ್ಟು ಗಟ ಓಡಿದವು, ವಿಡಿಯೋದಲ್ಲಿ ಎಷ್ಟಿವೆ ಎಂದು ಎಣಿಸಲು ಒಬ್ಬ ಗುಮಾಸ್ತ ಸಾಕು.

ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ. ದನದ ಪೇಟೆಗೆ ಖಿಲಾರಿ ಬರುತ್ತವೆ, ಸುತ್ತಲಿನ ಹಳ್ಳಿಗಳಲ್ಲಿ ಶರ್ಯತ್ತಿನ ಹ್ಯಾಂಡ್‌ಬಿಲ್ಲು ಅಚ್ಚಾಗುತ್ತವೆ. ಬಹುಮಾನದ ಪಟ್ಟಿಯ ಕೆಳಗೆ ಒಂದು ಸಾಲು ಹೆಚ್ಚಿಗೆ ಹಾಕಲು ಪ್ರೆಸ್ಸಿನವರು ಬೇರೆ ದುಡ್ಡು ಕೇಳುವುದಿಲ್ಲ: ಎಲ್ಲ ಗಟಗಳ ಪೂರ್ತಿ ವಿಡಿಯೋ ಆಗುತ್ತದೆ, ಬಾರಕೋಲು ಕಂಡರೆ ಗಾಡಿ ಬಾದ್.