ಅಂಗಡಿಯೂ ಬೇಕು, ಅಡಿಕೆಯೂ ಬೇಕು!

ಬಂಟ್ವಾಳ: "ಒಂದೆಕರೆ ಸಿಕ್ಕಿದರೆ ಸಾಕು ಮಾರಾಯ್ರೆ, ಅಡಿಕೆ ಹಾಕಿಬಿಡುವುದು. ವ್ಯಾಪಾರ ವ್ಯಾಪಾರದ ಪಾಡಿಗೆ, ತೋಟ ತೋಟದ ಪಾಡಿಗೆ." ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ, ಬೆಳ್ತಂಗಡಿ, ಮೂಡಬಿದ್ರೆಯ ಅಂಗಡಿಗಳಲ್ಲಿ ಈಗ ಈ ಮಾತು ಬಲು ಸಲೀಸು. ಹಿಂದೆ ಹಾಗಿರಲಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ನಿಂತಿದ್ದವು. 2020ರ ತಿದ್ದುಪಡಿಯಲ್ಲಿ ಸರಕಾರ ಅವನ್ನು ಕಿತ್ತುಹಾಕಿತು. ಕೈಯಲ್ಲಿ ಕಾಸಿದ್ದವರಿಗೆ ಬಾಗಿಲು ತೆರೆಯಿತು.

ಬಾಗಿಲೇನೋ ತೆರೆಯಿತು. ಆದರೆ ತೋಟ ತನ್ನ ಪಾಡಿಗೆ ಇರುವ ಸಾಮಾನಲ್ಲ.

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ವಿಟ್ಲದ ಸಂಶೋಧನಾ ಕೇಂದ್ರದ 'ಮಂಗಳ' ತಳಿಯೇ ಆದರೂ ಫಸಲು ಕೈಗೆ ಹತ್ತಲು ಐದಾರು ವರ್ಷ ಬೇಕು. ಅಲ್ಲಿಯತನಕ ಹಣ ಒಳಗೆ ಹೋಗುವುದೇ ಹೊರತು ಹೊರಗೆ ಬರುವುದಿಲ್ಲ. ಬೇಸಗೆಯಲ್ಲಿ ಹನಿ ನೀರಾವರಿ ಮಾಡಿದರೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಅಂದರೆ ಎಕರೆಗೆ ಹತ್ತು ಸಾವಿರ ಲೀಟರಿನ ಹತ್ತಿರ! ನೇತ್ರಾವತಿಯೇ ಸೊರಗುವ ಎಪ್ರಿಲ್‌ನಲ್ಲಿ ಗುಡ್ಡೆಯ ಬೋರ್‌ವೆಲ್ ಎಷ್ಟು ಕೊಟ್ಟೀತು?

ಮಳೆಗಾಲದ ತಾಪತ್ರಯ ಬೇರೆ. ಮಹಾಳಿ, ಅಂದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಕಳೆದು ಮತ್ತೊಮ್ಮೆ. ಮದ್ದು ಬಿಡುವವನು ಸಿಗಬೇಕು, ಅವನು ಸಿಕ್ಕಿದ ದಿನ ಮಳೆ ಬಿಡಬೇಕು, ಮಳೆ ಬಿಟ್ಟ ದಿನ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಬರಬೇಕು. ಭಾನುವಾರ ನೋಡಿಕೊಂಡು ರೋಗ ಬರುತ್ತದಾ?

ಮಾರಾಟದ್ದು ಅಷ್ಟು ಚಿಂತೆಯಿಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಉಂಟು. ತೊಡಕಿರುವುದು ದುಡಿಮೆಯಲ್ಲಿ.

ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರ ಹೆಸರು ಹೇಳಿ ಧೈರ್ಯ ತುಂಬುವವರಿದ್ದಾರೆ. ಅಡಿಕೆ ಮರ ಏರುವ ಕೂಲಿಯಾಗಿದ್ದವರು. ಧಣಿಗಳು ಕೊಟ್ಟ ಎರಡೆಕರೆ ಬೋಳು ಗುಡ್ಡೆಯಲ್ಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದು ನೀರು ತಂದರು, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀಯೂ ಬಂತು. ಒಂದರ್ಥದಲ್ಲಿ ಅದೂ ಸೈಡ್ ಬಿಸಿನೆಸ್ಸೇ. ಆದರೆ ಮೊದಲು ಕೊರೆದ ಸುರಂಗಗಳಲ್ಲಿ ಹನಿ ನೀರಿರಲಿಲ್ಲ. ವರ್ಷಗಟ್ಟಲೆ ಪಟ್ಟ ಆ ಪಾಡಿಗೆ ಅವರು ಸಂಬಳ ಬರೆದುಕೊಂಡಿರಲಿಲ್ಲ. ಪೇಟೆಯ ಯಜಮಾನರಿಗೆ ಅಗೆತ, ಮದ್ದು, ಕೊಯ್ಲು, ಸುಲಿತ ಎಲ್ಲಕ್ಕೂ ಆಳಿನ ಲೆಕ್ಕ ಉಂಟು. ಎರಡೆಕರೆ ಒಂದೇ ಆದರೂ ಲಾಭ ಒಂದೇ ಆಗುವುದಿಲ್ಲ.

ಆದರೂ ಬ್ರೋಕರುಗಳಿಗೆ ಪುರುಸೊತ್ತಿಲ್ಲ. ನವೆಂಬರಿನ ಹಸಿರು ತೋರಿಸಿ ಅಡ್ವಾನ್ಸ್ ಕೇಳುತ್ತಾರೆ. ಎಪ್ರಿಲ್ ಕೊನೆಗೆ ಹೋಗಿ ಬಾವಿಗೆ ಇಣುಕಿ ನೋಡಿ ಕೊಡುವವರು ಕಮ್ಮಿ.