ಮೊದಲು ಅರ್ಥ, ಆಮೇಲೆ ಬೆಳಕು

"ನಿಮ್ಮ ಗಾಡೀಲಿ ಅರ್ಥಾನೇ ಇಲ್ಲ ಸಾರ್" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥ ಎಂದು ಇಪ್ಪತ್ತು ವರ್ಷ ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಅವನೋ, ನನ್ನ ಪತ್ರಿಕೆಯಲ್ಲಿ ತೇರ್ಗಡೆಗೆ ಬೇಕಾದಷ್ಟಕ್ಕಿಂತ ಒಂದು ಅಂಕವನ್ನೂ ಹೆಚ್ಚಾಗಿ ತೆಗೆದುಕೊಳ್ಳದೆ ದಾಟಿಹೋದವನು; ಈಗ ಪೇಟೆಬೀದಿಯಲ್ಲಿ ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಅವನು ಹೇಳಿದ ಅರ್ಥ ಸಂಸ್ಕೃತದ್ದಲ್ಲ, ಇಂಗ್ಲಿಷಿನ 'ಅರ್ಥ್'. ಭೂಮಿ ಎಂಬ ಆ ಮಾತನ್ನು ನಮ್ಮ ಕೆಲಸಗಾರರು ಎಂದೋ ಕನ್ನಡದ ಅರ್ಥದೊಡನೆ ಬೆರೆಸಿಬಿಟ್ಟಿದ್ದಾರೆ. ಬ್ಯಾಟರಿಯ ಋಣ ತುದಿಯನ್ನು ಕಾರಿನ ಕಬ್ಬಿಣದ ಒಡಲಿಗೇ ಬಿಗಿದಿರುತ್ತಾರೆ. ದೀಪಕ್ಕೆ ಹೋಗುವ ವಿದ್ಯುತ್ತಿಗೆ ತಂತಿಯುಂಟು. ಮರಳಿ ಬರುವುದಕ್ಕೆ ಒಡಲೇ ದಾರಿ. ಆ ಮರಳುವ ದಾರಿ ತುಕ್ಕು ಹಿಡಿದರೆ ಅರ್ಥ ಹೋಯಿತೆಂದು ಅವರ ಭಾಷೆ. ಎಷ್ಟು ಆಲೋಚಿಸಿದರೂ ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ನನಗೆ ಹೊಳೆದಿಲ್ಲ.

ನಮ್ಮ ಊರಿನಲ್ಲಿ ಹಳೆಯ ಕಾರುಗಳ ಮೋಹಿಗಳು ಏಳೆಂಟು ಮಂದಿ ಇದ್ದೇವೆ. ಅಂಬಾಸಿಡರ್, ಮಾರುತಿ ೮೦೦ ಎರಡರ ತಯಾರಿಕೆಯೂ ೨೦೧೪ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಆದರೂ ಅಪ್ಪನದು, ಮಾವನದು ಎಂಬ ಮಮತೆಯಿಂದ ಇಂಥ ಗಾಡಿಗಳನ್ನು ಸಾಕಿಕೊಂಡವರು ನಾಡಿನ ಊರೂರಿನಲ್ಲಿಯೂ ಸಿಕ್ಕುತ್ತಾರೆ. ಭಾನುವಾರ ಬೆಳಗಾದರೆ ಸಾಕು, ಬಾನೆಟ್ಟು ಎತ್ತಿ ನಿಲ್ಲುತ್ತೇವೆ. ಒಬ್ಬರು ಡೈನಮೋ ಕಳಚಿ ಆಲ್ಟರ್ನೇಟರ್ ಕೂರಿಸುತ್ತಾರೆ. ಮತ್ತೊಬ್ಬರು ಹೊಸ ಹಾರನ್ನು ಹಾಕುತ್ತಾರೆ. ಮಗುದೊಬ್ಬರಿಗೆ ಮಂಜಿನ ದೀಪ ಬೇಕು. ಮನೆಯವರು ಇದನ್ನು ಹುಚ್ಚೆನ್ನುತ್ತಾರೆ. ಹುಚ್ಚೆಂದು ಒಪ್ಪಿಕೊಂಡೇ ಅದರ ಪಕ್ಷ ವಹಿಸಿ ನಾಲ್ಕು ಮಾತು ಹೇಳಬೇಕೆಂದು ಈ ಬರಹವನ್ನು ಹಿಡಿದಿದ್ದೇನೆ. ಆದರೆ ಅದರಲ್ಲಿರುವ ಒಂದು ದೋಷವನ್ನು ಮರೆಮಾಚಿ ಪಕ್ಷ ವಹಿಸಿದರೆ ಅದು ನ್ಯಾಯವಾಗಲಾರದು. ನಮಗೆ ಹೆಚ್ಚಿಸುವ ಚಪಲ ಬಹಳ, ಹುಡುಕುವ ತಾಳ್ಮೆ ಕಡಮೆ. ಈ ತಪ್ಪನ್ನು ನಾನೇ ಮಾಡಿದ್ದರಿಂದ ನನ್ನ ಕಥೆಯನ್ನೇ ಹೇಳುತ್ತೇನೆ.

ನನ್ನ ತಂದೆಯವರ ಕಾರಿನ ಮುಂದೀಪಗಳು ವರ್ಷದಿಂದ ವರ್ಷಕ್ಕೆ ಮಂಕಾಗುತ್ತ ಬಂದಿದ್ದುವು. ಸಾಧಾರಣವಾಗಿ ಹಾಕುವ ಹ್ಯಾಲೊಜನ್ ಬಲ್ಬು ದೂರದ ಬೆಳಕಿಗೆ ೬೦ ವಾಟ್, ತಗ್ಗಿಸಿದ ಬೆಳಕಿಗೆ ೫೫ ವಾಟ್. ಅಂಗಡಿಯವನೊಬ್ಬ ೧೦೦ ವಾಟಿನದನ್ನು ತೋರಿಸಿದ. ಎರಡು ಕೊಂಡುತಂದು, ನನ್ನ ಕೈಯಿಂದಲೇ ಹಾಕಿ, ಗೋಡೆಯ ಮೇಲೆ ಬಿದ್ದ ಬಿಳಿಯ ಬೆಳಕನ್ನು ಕಂಡು ಮಗುವಿನಂತೆ ಹಿಗ್ಗಿದೆ. ಆ ರಾತ್ರಿಯೇ ತಿಪಟೂರಿನಿಂದ ಅರಸೀಕೆರೆಯ ಕಡೆಗೆ ಹೊರಟೆ. ಇಕ್ಕೆಲದ ತೆಂಗಿನ ತೋಟಗಳು ಹಗಲಿನಂತೆ ಕಾಣುತ್ತಿದ್ದುವು. ಆ ಸೊಗಸಿಗೆ ಮರುಳಾದ ನಾನು ಬೆಳಕನ್ನು ತಗ್ಗಿಸಬೇಕೆಂಬುದನ್ನೇ ಮರೆತಿದ್ದೆ. ಎದುರಿಗೆ ಹುಲ್ಲಿನ ಹೊರೆ ಹೇರಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಮುದುಕನೊಬ್ಬ ಕಣ್ಣಿಗೆ ಕೈಯಡ್ಡ ಹಿಡಿದ. ಮರುಗಳಿಗೆಯಲ್ಲಿ ಸೈಕಲ್ಲು ರಸ್ತೆಯ ಅಂಚಿನಿಂದ ಜಾರಿತು. ಗಾಡಿ ನಿಲ್ಲಿಸಿ ಓಡಿದೆ. ಮೊಣಕಾಲು ತರಚಿತ್ತು, ಅಷ್ಟೆ, ದೇವರು ದೊಡ್ಡವನು. ಕೈಹಿಡಿದು ಎಬ್ಬಿಸುತ್ತಿದ್ದ ನನ್ನನ್ನು ನೋಡಿ ಆತ ಬೈಯಲಿಲ್ಲ. "ನಿಮಗೆ ದಾರಿ ಕಂಡ್ರೆ ಆಗೋಯ್ತಾ ಸ್ವಾಮಿ? ನಮಗೆ ಕಾಣೋದು ಬ್ಯಾಡ್ವಾ?" ಎಂದ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಪ್ರಶ್ನೆಯನ್ನು ಇನ್ನೂ ಮರೆತಿಲ್ಲ.

ಇದಾದ ನಾಲ್ಕನೆಯ ದಿನ ಕಾರಿನೊಳಗೆ ಸುಟ್ಟ ವಾಸನೆ ಬಂತು; ದೀಪದ ಸ್ವಿಚ್ಚು ಕರಗಿ, ಎರಡು ದೀಪಗಳೂ ಒಟ್ಟಿಗೆ ಆರಿಹೋದುವು. ಇದಕ್ಕೆ ಕಾರಣ ಮಾಟವಲ್ಲ, ಮಂತ್ರವಲ್ಲ. ೧೨ ವೋಲ್ಟಿನ ಲೆಕ್ಕದಲ್ಲಿ ೬೦ ವಾಟಿನ ದೀಪವೊಂದು ೫ ಆಂಪಿಯರು ಎಳೆದರೆ ೧೦೦ ವಾಟಿನದು ೮ ಆಂಪಿಯರಿಗಿಂತಲೂ ಹೆಚ್ಚು ಎಳೆಯುತ್ತದೆ. ತಂತಿ ಮಾತ್ರ ಹಳೆಯದೇ. ಪ್ರವಾಹ ಎಷ್ಟು ಮಡಿ ಹೆಚ್ಚಿದರೆ ತಂತಿಯ ಕಾವು ಅದರ ವರ್ಗದಷ್ಟು ಮಡಿ ಏರುತ್ತದೆ; ಎಂದರೆ ನನ್ನ ಸ್ವಿಚ್ಚು ತಾನು ತಡೆಯಬೇಕಾದ ಕಾವಿನ ಎರಡೂ ಮುಕ್ಕಾಲು ಪಾಲನ್ನು ನಾಲ್ಕು ದಿನ ತಡೆದುಕೊಂಡಿತ್ತು. ಅದರ ಸಹನೆಯನ್ನು ಮೆಚ್ಚಬೇಕು.

ಹಾಗೆ ಅಂಗಡಿಗೆ ಹೋದಾಗ ನನ್ನ ಶಿಷ್ಯ ಮಾಡಿದ ಮೊದಲ ಕೆಲಸವೆಂದರೆ ಹಳೆಯ ಬಲ್ಬುಗಳನ್ನೇ ತರಿಸಿ ಹಾಕಿಸಿದ್ದು, ಸ್ವಿಚ್ಚನ್ನು ಬದಲಿಸಿದ್ದು. ಆಮೇಲೆ ಎಂಜಿನ್ ಓಡಿಸಿ, "ದೀಪ ಹೊತ್ತಿಸಿ ಸಾರ್, ಉರೀತಾ ಇರುವಾಗಲೇ ಅಳೀಬೇಕು" ಎಂದ. ದೀಪ ಆರಿದಾಗ ಅಳೆದರೆ ಎಲ್ಲ ತಂತಿಯೂ ಸಾಚಾ. ಭಾರ ಹೊತ್ತಾಗಲೇ ಅದರ ದೌರ್ಬಲ್ಯ ಹೊರಗೆ ಬೀಳುವುದು. ಬ್ಯಾಟರಿಯಲ್ಲಿ ೧೩.೮ ವೋಲ್ಟ್ ಇತ್ತು. ದೀಪದ ಹಿಂಬದಿಯಲ್ಲಿ ೧೧.೪. ಮಧ್ಯೆ ೨.೪ ವೋಲ್ಟ್ ಎಲ್ಲಿಯೋ ಸೋರಿಹೋಗಿತ್ತು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಅರ್ಥಿಗೂ ಮುಟ್ಟಿಸಿದ. ಸೊನ್ನೆಯ ಹತ್ತಿರ ಇರಬೇಕಾದದ್ದು ೧.೬ ತೋರಿಸಿತು. ಆಗಲೇ ಅವನು ಆ ಐತಿಹಾಸಿಕ ವಾಕ್ಯವನ್ನು ಉಚ್ಚರಿಸಿದ್ದು. ಇಂಡಿಕೇಟರ್ ಹಾಕಿಸಿದ, ಅದರೊಡನೆ ಪಕ್ಕದ ಚಿಕ್ಕ ದೀಪವೂ ಮಿಟುಕತೊಡಗಿತು. ತನ್ನ ದಾರಿ ಮುಚ್ಚಿದ ವಿದ್ಯುತ್ತು ನೆರೆಯ ದೀಪದ ಮೂಲಕ ಮನೆಗೆ ಮರಳಲು ಹವಣಿಸುತ್ತಿತ್ತು. ಒಂದು ಮಾತಿಗೆ ಬೇರೊಂದು ಅರ್ಥ ಬರುವುದೆಂದರೆ ಇದೇ ಅಲ್ಲವೆ?

ಮಡಗಾರ್ಡಿನ ಒಳಗಡೆ ಒಂದು ಬೋಲ್ಟು ತುಕ್ಕು ತಿಂದು ಕುಳಿತಿತ್ತು. ಅದನ್ನು ಬಿಚ್ಚಿ, ಎಮರಿ ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಿದ. ಕಾಲು ಗಂಟೆಯ ಕೆಲಸ. ತಂತುವಿನ ದೀಪದ ಬೆಳಕು ವೋಲ್ಟೇಜು ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹು ಬೇಗ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಪಾಲು ತಗ್ಗಿದರೆ ಬೆಳಕು ಸುಮಾರು ಮೂವತ್ತು ಪಾಲು ತಗ್ಗುತ್ತದೆ. ಆ ಲೆಕ್ಕದಲ್ಲಿ ನನ್ನ ಹಳೆಯ ದೀಪಗಳು ತಮ್ಮ ಬೆಳಕಿನ ಅರ್ಧದಷ್ಟನ್ನು ದಾರಿಯಲ್ಲಿಯೇ ಕಳೆದುಕೊಳ್ಳುತ್ತಿದ್ದುವು. ಇದ್ದ ಬೆಳಕು ಎಲ್ಲಿ ಹೋಯಿತೆಂದು ಹುಡುಕದೆ, ಇಲ್ಲದ ಬೆಳಕನ್ನು ಪೇಟೆಯಿಂದ ಕೊಂಡುತಂದಿದ್ದೆ ನಾನು.

ನಾನು ಹೇಳಬೇಕೆಂದಿರುವುದು ಇಷ್ಟೆ. ತನ್ನ ವಾಹನವನ್ನು ತಾನೇ ಬಿಚ್ಚಿ ನೋಡುವವನಿಗೆ ಮೊದಲನೆಯ ವಿದ್ಯೆ ದೋಷವನ್ನು ಹುಡುಕುವುದು. ಹೊಸದನ್ನು ಕೂಡಿಸುವುದು ಎರಡನೆಯದು. ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದೇವೆ. ದುರ್ಬಲವಾದ ದಾರಿಯ ಮೇಲೆ ಹೊಸ ಭಾರ ಹೇರಿದರೆ ದೋಷ ನೀಗುವುದಿಲ್ಲ. ಕಾವಾಗಿ, ಹೊಗೆಯಾಗಿ, ಒಮ್ಮೊಮ್ಮೆ ಬೆಂಕಿಯಾಗಿ ಹೊರಗೆ ಬರುತ್ತದೆ.

ಹಾಗಾದರೆ ಕೂಡಿಸಲೇಬಾರದೆ? ಕೂಡಿಸಬಹುದು, ಮರ್ಯಾದೆಯಿಂದ. ಉಳಿದಿದ್ದ ಮುಕ್ಕಾಲು ವೋಲ್ಟಿನಷ್ಟು ಸೋರಿಕೆಯನ್ನು ನನ್ನ ಶಿಷ್ಯ ರಿಲೇ ಹಾಕಿ ನಿಲ್ಲಿಸಿದ. ರಿಲೇ ಎಂಬುದು ಕೆರೆಯ ತೂಬಿನ ಹಾಗೆ. ತೂಬೆತ್ತಲು ಒಬ್ಬ ನೀರುಗಂಟಿ ಸಾಕು. ಕೆರೆಯ ನೀರೆಲ್ಲ ಅವನ ಅಂಗೈಯ ಮೇಲೆ ಹರಿಯಬೇಕಾಗಿಲ್ಲ. ಸ್ವಿಚ್ಚಿನಿಂದ ಬಂದ ಅತ್ಯಲ್ಪ ಪ್ರವಾಹ ತೂಬನ್ನೆತ್ತುತ್ತದೆ; ದೀಪಕ್ಕೆ ಬೇಕಾದ ಪ್ರವಾಹ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಹೋಗುತ್ತದೆ. ಆ ತಂತಿಯ ಮೊದಲಲ್ಲೇ, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸಿರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಣ ತಂತಿಗೆ ಕಾವಲೇ ಇಲ್ಲ. ಫ್ಯೂಸು ತಂತಿಯ ಶಕ್ತಿಗೆ ತಕ್ಕದ್ದಾಗಿರಬೇಕೇ ಹೊರತು ನಮ್ಮ ಆಸೆಗೆ ತಕ್ಕದ್ದಾಗಿರಬಾರದು. ಅದು ಮತ್ತೆ ಮತ್ತೆ ಸುಟ್ಟುಹೋದರೆ ಸಿಗರೇಟು ಪೊಟ್ಟಣದ ಬೆಳ್ಳಿಯ ಕಾಗದ ಸುತ್ತಿ ಮುಂದೆ ಹೋಗುವ ಜಾಣರನ್ನು ಕಂಡಿದ್ದೇನೆ. ಬೊಗಳಿ ಎಚ್ಚರಿಸಿದ ನಾಯಿಯನ್ನು ಹೊಡೆದುಹಾಕಿ ಬಾಗಿಲು ತೆರೆದಿಟ್ಟು ಮಲಗಿದ ಹಾಗಾಯಿತು ಅದು.

ಬಲ್ಬಿನ ವಿಷಯದಲ್ಲಿಯೂ ಹೀಗೆಯೇ. ಹ್ಯಾಲೊಜನ್ ಬಲ್ಬಿನೊಳಗೆ ತಂತು ಎಲ್ಲಿರುವುದೋ ಆ ಸ್ಥಳವನ್ನೇ ಲೆಕ್ಕ ಹಿಡಿದು ಅದರ ಹಿಂದಿನ ಪ್ರತಿಫಲಕವನ್ನು ಬಾಗಿಸಿರುತ್ತಾರೆ. ಅದೇ ಗೂಡಿನಲ್ಲಿ ಬೇರೆ ಬಗೆಯ ಎಲ್‌ಇಡಿ ದೀಪವನ್ನು ತುರುಕಿದರೆ ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಕಿರಣ ಚೆದುರಿ ಎದುರಿನವರ ಕಣ್ಣಿಗೆ ಹಾರುತ್ತದೆ. ದೀಪ ಎದುರಿನವರ ಕಣ್ಣು ಕುಕ್ಕಬಾರದೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆ ನಿಯಮ ಗೊತ್ತಿಲ್ಲದ ಮುದುಕನೂ ಕತ್ತಲಲ್ಲಿ ನನಗೆ ಅದನ್ನೇ ಹೇಳಿದ್ದ.

"ಇದೆಲ್ಲ ನಿಮಗೇಕೆ ಮೇಷ್ಟ್ರೇ, ಮೆಕ್ಯಾನಿಕ್ಕಿಗೆ ಬಿಡಬಾರದೆ?" ಎಂದು ಕೇಳುವವರುಂಟು. ಒಳ್ಳೆಯ ಕೆಲಸಗಾರನ ಮೇಲೆ ನನಗೆ ಅಪಾರ ಗೌರವ. ಈ ಬರಹವೇ ಅದಕ್ಕೆ ಸಾಕ್ಷಿ. ಆದರೆ ಬಾಗಿಲಲ್ಲಿ ಹತ್ತು ಗಾಡಿ ನಿಂತಿರುವಾಗ ತುಕ್ಕು ಹಿಡಿದ ಒಂದು ಬೋಲ್ಟಿಗಾಗಿ ಅರ್ಧ ದಿನ ಹುಡುಕುವ ಬಿಡುವು ಎಲ್ಲ ಕೆಲಸಗಾರರಿಗೂ ಇರುವುದಿಲ್ಲ; ಭಾಗವನ್ನೇ ಬದಲಿಸಿ ಕಳುಹಿಸುತ್ತಾರೆ. ಆ ಬಿಡುವು ಇರುವುದು ಒಡೆಯನಿಗೆ. ಕೆಲವು ನೂರು ರೂಪಾಯಿಯ ಮೀಟರು, ೧೮೨೭ರಲ್ಲಿ ಓಮ್ ಎಂಬ ಜರ್ಮನ್ ವಿದ್ವಾಂಸ ಪ್ರಕಟಿಸಿದ ಒಂದು ಸಾಲಿನ ಸೂತ್ರ, ಮತ್ತು ತನ್ನ ಊಹೆ ತಪ್ಪಾಗಿರಬಹುದೆಂಬ ವಿನಯ, ಈ ಮೂರಿದ್ದರೆ ಸಾಕು. ಈ ಮೂರನೆಯದು ಪೇಟೆಯಲ್ಲಿ ಸಿಕ್ಕುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈಗಿನ ಹೊಸ ಕಾರುಗಳಲ್ಲಿ ಸ್ವಿಚ್ಚಿಗೂ ದೀಪಕ್ಕೂ ನಡುವೆ ಗಣಕಯಂತ್ರ ಕುಳಿತಿರುತ್ತದೆ. ಅಲ್ಲಿ ತಂತಿಯನ್ನು ಸುಲಿದು ಕವಲು ತೆಗೆದರೆ ದೀಪದ ಜೊತೆಗೆ ಯಂತ್ರವೂ ಕೆಡಬಹುದು, ಕಂಪನಿಯ ಖಾತರಿಯೂ ಹೋಗಬಹುದು. ಹಳೆಯ ಗಾಡಿಯ ಧೈರ್ಯವನ್ನು ಹೊಸ ಗಾಡಿಗೆ ಕೊಂಡೊಯ್ಯಬಾರದು. ತಿಳಿಯದ ಕಡೆ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುವುದೂ ಈ ವಿದ್ಯೆಯ ಒಂದು ಅಂಗವೇ.

ಮೊನ್ನೆ ಅದೇ ರಸ್ತೆಯಲ್ಲಿ, ಅದೇ ಹಳೆಯ ೬೦ ವಾಟಿನ ಬಲ್ಬುಗಳ ಬೆಳಕಿನಲ್ಲಿ ಬಂದೆ. ತೋಟಗಳು ಹಗಲಿನಂತೆ ಕಾಣಲಿಲ್ಲ. ರಸ್ತೆ ಮಾತ್ರ ಚೆನ್ನಾಗಿ ಕಂಡಿತು. ದೂರದಲ್ಲಿ ಸೈಕಲ್ಲೊಂದು ಬರುತ್ತಿತ್ತು. ಬೆಳಕನ್ನು ತಗ್ಗಿಸಿದೆ. ಸವಾರ ಕಣ್ಣಿಗೆ ಕೈಯಡ್ಡ ಹಿಡಿಯಲಿಲ್ಲ, ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಯಾವುದೋ ಹಾಡು ಗುನುಗಿಕೊಂಡು ತನ್ನ ದಾರಿ ಹಿಡಿದು ಹೋದ. ಮನೆ ತಲುಪಿದ ಮೇಲೆ, ಶಿಷ್ಯನಿಗೆ ಅಂದು ಇನ್ನೂ ನಾಲ್ಕು ಅಂಕ ಕೊಡಬಹುದಾಗಿತ್ತೆಂದು ತೋರಿತು.