ಬ್ರೇಕ್ ದೀಪ ಆರಿಸೋದಲ್ಲ, ಯಾಕೆ ಹತ್ತಿತು ಅಂತ ನೋಡ್ರಿ



ತೊಗರಿ ಬಾಡಿದರೆ ಬದುವಿನ ಮೇಲೆ ನಿಂತೇ ಕಾರಣ ಹುಡುಕುವವರು ನಾವು. ನೀರಿನ ಕೊರತೆಯೋ, ನೆಟೆ ರೋಗವೋ ಅಂತ ಗಿಡ ಕಿತ್ತು, ಕಾಂಡ ಸೀಳಿ ನೋಡ್ತೀವಿ. ಲಿಂಬೆ ಎಲೆ ಮುದುಡಿದರೆ ಎಲೆ ತಿರುವಿ ಹುಳ ಹುಡುಕ್ತೀವಿ. ಆದರೆ ಅಂಗಳದಾಗ ನಿಂತ ಕಾರು ಅಥವಾ ಪಿಕಪ್ ಗಾಡಿಯ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೆ, "ಏನಿಲ್ಲ ಬಿಡ್ರಿ, ಸೆನ್ಸಾರ್ ಕೆಟ್ಟಿರಬೇಕು" ಅಂತ ಹೇಳಿ ಗಾಡಿ ಓಡಸ್ತೀವಿ. ಇಲ್ಲವೆಂದರೆ ಒಂದು ಬಾಟಲಿ ಬ್ರೇಕ್ ಆಯಿಲ್ ತಂದು ಸುರಿದು ದೀಪ ಆರಿಸ್ತೀವಿ. ನನ್ನ ತಕರಾರು ಇರೋದು ಈ ಎರಡನೇ ರೂಢಿಯ ಮೇಲೆ. ನೆಟೆ ರೋಗ ಬಂದ ತೊಗರಿಗೆ ನೀರು ಬಿಟ್ಟು ಗುಣವಾಯ್ತು ಅಂದಂಗ ಇದು.

ಮೊದಲು ದೀಪಗಳ ಗುರುತು ತಿಳಕೊಳ್ಳೋಣ. ವೃತ್ತದ ನಡುವೆ ಆಶ್ಚರ್ಯಸೂಚಕ ಚಿಹ್ನೆ, ಎರಡೂ ಬದಿಗೆ ಕಂಸದಂಥ ಗೆರೆ ಇರುವ ಕೆಂಪು ದೀಪವೇ ಮುಖ್ಯ ಬ್ರೇಕ್ ದೀಪ. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಇದು ಹತ್ತುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಉರಿದರೆ, ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು ಅಥವಾ ಬ್ರೇಕಿನಲ್ಲೇ ದೋಷ ಇರಬಹುದು. ವೃತ್ತದ ಎರಡೂ ಬದಿಗೆ ತುಂಡುತುಂಡು ಗೆರೆ ಇರುವ ಹಳದಿ ದೀಪ ಪ್ಯಾಡ್ ಸವೆದದ್ದನ್ನು ನೇರವಾಗಿ ಹೇಳುತ್ತದೆ. ಆದರೆ ಇದು ಹೆಚ್ಚಾಗಿ ದುಬಾರಿ ಕಾರುಗಳಲ್ಲಿ ಮಾತ್ರ ಇರುತ್ತದೆ. ಎಬಿಎಸ್ ಅಂತ ಬರೆದ ಹಳದಿ ದೀಪ ಬೇರೆಯೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಈ ದೀಪ ಉರಿದರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗದಂತೆ ಕಾಯುವ ವ್ಯವಸ್ಥೆ ಕೆಲಸ ಮಾಡೋದಿಲ್ಲ.

ಅಂದರೆ ನಮ್ಮ ಬಹುಪಾಲು ಸಣ್ಣ ಕಾರು, ಪಿಕಪ್‌ಗಳಲ್ಲಿ ಪ್ಯಾಡ್ ಸವೆತಕ್ಕೆ ಬೇರೆ ದೀಪವೇ ಇಲ್ಲ. ಕೆಂಪು ದೀಪವೇ ಸುತ್ತುಬಳಸಿ ಅದನ್ನು ಹೇಳುತ್ತದೆ. ಹೇಗೆ ನೋಡ್ರಿ. ಪೆಡಲ್ ಒತ್ತಿದಾಗ ಆಯಿಲಿನ ಒತ್ತಡಕ್ಕೆ ಪಿಸ್ಟನ್ ಹೊರಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಇನ್ನಷ್ಟು ಹೊರಗೆ ನಿಲ್ಲುತ್ತದೆ. ಅದರ ಹಿಂದೆ ಖಾಲಿಯಾದ ಜಾಗಕ್ಕೆ ಮೇಲಿನ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಡಬ್ಬಿಯಲ್ಲಿ ಮಟ್ಟ ತೀರಾ ಕೆಳಗಾದಾಗ ದೀಪ ಹತ್ತುತ್ತದೆ.

ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಸುಟ್ಟು ಕಡಿಮೆಯಾಗುವ ವಸ್ತುವಲ್ಲ. ಮಟ್ಟ ಇಳಿದಿದೆ ಅಂದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ನೋಡದೆ ಬರೀ ಆಯಿಲ್ ತುಂಬಿದರೆ ದೀಪ ಆರುತ್ತದೆ, ಪ್ಯಾಡ್ ಸವೆಯುತ್ತಲೇ ಇರುತ್ತದೆ. ಕಾವಲು ನಾಯಿ ಬೊಗಳಿದಾಗ ಕಳ್ಳನನ್ನು ಹುಡುಕದೆ ನಾಯಿ ಬಾಯಿ ಕಟ್ಟಿದಂಗಾಯ್ತು. ಮುಂದೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಹೆಚ್ಚಾದ ಆಯಿಲ್ ಉಕ್ಕಿ ಗಾಡಿಯ ಬಣ್ಣವನ್ನೂ ತಿನ್ನುತ್ತದೆ.

"ನಮ್ಮದು ಊರಿಂದ ಮಾರ್ಕೆಟ್ಟಿಗೆ ಹೋಗೋ ಗಾಡಿ, ಇಷ್ಟೆಲ್ಲಾ ಯಾಕ?" ಅನ್ನಬಹುದು. ನಮ್ಮ ರಸ್ತೆ ಯಾವುದು ನೋಡ್ರಿ. ಇಂಡಿ ತಾಲೂಕಿನವರು ಲಿಂಬೆ ಹೇರಿಕೊಂಡು ಝಳಕಿಯಲ್ಲಿ ಹೆದ್ದಾರಿ 52ಕ್ಕೆ ಹತ್ತುತ್ತಾರೆ. ಸಿಂದಗಿಯವರು, ಬಸವನ ಬಾಗೇವಾಡಿ ತಾಲೂಕಿನ ಮನಗೂಳಿ ಕಡೆಯವರು ಹೆದ್ದಾರಿ 50ರಲ್ಲಿ ಓಡಾಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಇದೇ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರೇಲರ್‌ಗಳು, ತೊಗರಿ ರಾಶಿಯ ದಿನಗಳಲ್ಲಿ ಕಟಾವು ಯಂತ್ರಗಳು ಕತ್ತಲಲ್ಲಿ ಎದುರಾಗುತ್ತವೆ. ಹಿಂದೆ ಮುದ್ದೇಬಿಹಾಳಕ್ಕೆ ಸೇರಿದ್ದ ತಾಳಿಕೋಟೆ ತಾಲೂಕಿನ ಬಿಳೇಭಾವಿ ಹತ್ತಿರ 2024ರ ಡಿಸೆಂಬರ್‌ನಲ್ಲಿ ಕಾರು ಮತ್ತು ತೊಗರಿ ಕಟಾವು ಯಂತ್ರ ಡಿಕ್ಕಿಯಾಗಿ ಐದು ಜನ ತೀರಿಕೊಂಡರು. ಅದಕ್ಕೆ ಬ್ರೇಕ್ ಕಾರಣ ಅಂತ ನಾನು ಹೇಳುತ್ತಿಲ್ಲ. ನಮ್ಮ ರಸ್ತೆಯಲ್ಲಿ ಥಟ್ಟನೆ ನಿಲ್ಲಿಸಬೇಕಾದ ಪ್ರಸಂಗ ಎಂಥದು ಅಂತ ನೆನಪಿಸುತ್ತಿದ್ದೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಸವೆದ ಪ್ಯಾಡಿನ ಲೆಕ್ಕ ಅಲ್ಲಿ ಗೊತ್ತಾಗುತ್ತದೆ.

ಗ್ಯಾರೇಜಿಗೆ ಹೋದರೆ ಒಂದು ದಿನ ಕೆಡುತ್ತದೆ, ಬಿಲ್ ಬೆಳೆಯುತ್ತದೆ ಅನ್ನೋ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನೋಡೋದಕ್ಕೆ ಜಾಕ್, ಪಾನಾ ಸಾಕು. ಮುಂದಿನ ಗಾಲಿ ಬಿಚ್ಚಿದರೆ ಪ್ಯಾಡ್ ಕಾಣುತ್ತದೆ. ಹೊಸದಿದ್ದಾಗ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುವ ಪ್ಯಾಡಿನ ಪದರ 3 ಮಿ.ಮೀ.ಗೆ ಬಂದರೆ ಬದಲಿಸಬೇಕು. ಬ್ರೇಕ್ ಒತ್ತಿದಾಗ ಕಿರ್ರ್ ಅನ್ನೋ ಸಪ್ಪಳವನ್ನೂ ಹಗುರಾಗಿ ತಗೋಬೇಡಿ. ಸವೆದಾಗ ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಹಲವು ಪ್ಯಾಡ್‌ಗಳಿಗೆ ತಗಡಿನ ಪಟ್ಟಿ ಇಟ್ಟಿರುತ್ತಾರೆ. ಆ ಕೂಗು ಗರಗರ ಸಪ್ಪಳವಾಗುವ ತನಕ ಕಾದರೆ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ಬೀಳುತ್ತದೆ. ಹಿಂದಿನ ಗಾಲಿಯ ಡ್ರಮ್ ಬ್ರೇಕ್ ಹೀಗೆ ಕೂಗಿ ಹೇಳೋದಿಲ್ಲ. ಹ್ಯಾಂಡ್‌ಬ್ರೇಕ್ ಮೊದಲಿಗಿಂತ ಮೇಲಕ್ಕೆ ಬರುತ್ತಿದ್ದರೆ ಡ್ರಮ್ ಬಿಚ್ಚಿಸಿ ಲೈನರ್ ನೋಡಿಸ್ರಿ.

ಆಯಿಲ್ ಹಾಕಲೇಬೇಕಾದರೆ ಡಬ್ಬಿ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಹಾಕ್ರಿ, ಡಾಟ್ 3 ಅಥವಾ ಡಾಟ್ 4. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಬ್ರೇಕೇ ಹಾಳಾಗುತ್ತದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಭಾರ ಹೇರಿ ಇಳಿಜಾರಿನಲ್ಲಿ ಬರುವಾಗ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸೋದು ಒಳ್ಳೆಯದು.

ಹಳೆ ಗಾಡಿ ಕೊಳ್ಳುವವರಿಗೆ ಒಂದು ಮಾತು. ಕೀ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು ನೋಡ್ರಿ. ಕೆಂಪು ದೀಪ ಹತ್ತಬೇಕು. ಹತ್ತದಿದ್ದರೆ ಗಾಡಿ ಚೆನ್ನಾಗಿದೆ ಅಂತಲ್ಲ, ಬಲ್ಬ್ ಹೋಗಿದೆ ಅಥವಾ ಯಾರೋ ತೆಗೆದಿದ್ದಾರೆ.

ಓಡಿಸುವಾಗಲೇ ದೀಪ ಹತ್ತಿದರೆ ವೇಗ ಇಳಿಸಿ ಬದಿಗೆ ನಿಲ್ಲಿಸ್ರಿ. ಪೆಡಲ್ ಮೆತ್ತಗಿದ್ದರೆ ಅಥವಾ ತಳ ಮುಟ್ಟಿದರೆ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ, ಮಿಸ್ತ್ರಿಯನ್ನೇ ಅಲ್ಲಿಗೆ ಕರೆಸ್ರಿ.

ಟ್ರ್ಯಾಕ್ಟರಿನಲ್ಲಿ ಪ್ಯಾಡ್ ಸವೆತದ ದೀಪ ಹುಡುಕಬೇಡಿ. ಅಲ್ಲಿ ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ಅನ್ನೋದೇ ದೀಪ. ಹೊಲದಲ್ಲಿ ತಿರುಗಿಸಲು ಬಿಡಿಸಿಟ್ಟ ಎಡ-ಬಲ ಪೆಡಲ್‌ಗಳನ್ನು ರಸ್ತೆಗೆ ಬರುವ ಮುಂಚೆ ಕೊಂಡಿ ಹಾಕಿ ಒಂದಾಗಿಸ್ರಿ. ಇಲ್ಲವಾದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆಯುತ್ತದೆ.

ಹಂಗಾಮು ಶುರುವಾಗುವ ಮುಂಚೆ ಬೀಜ, ಗೊಬ್ಬರ ಹೊಂದಿಸುವಾಗ ಈ ಕೆಲಸಕ್ಕೂ ಅರ್ಧ ದಿನ ಇಡ್ರಿ. ಮನೆಯ ಗಾಡಿ ಹುಡುಗರು ಓಡಿಸುತ್ತಿದ್ದರೆ ಆ ಕೆಂಪು ದೀಪ ಯಾವುದು ಅಂತ ಅವರಿಗೂ ತೋರಿಸ್ರಿ. ಆಯಿಲ್ ಬಾಟಲಿ ತೆಗೆಯೋ ಮೊದಲು ಗಾಲಿ ಬಿಚ್ಚಿ ನೋಡಬೇಕು ಅನ್ನೋದನ್ನೂ ಹೇಳಿಕೊಡ್ರಿ.